ಮುಧೋಳದ ಬೈಕು: ಇಂಜೆಕ್ಟರ್ ತಪಾಸಣೆ ಇಲ್ಲಿಯವರೆಗೆ

ಕಾಕಾ ಅವರ 110 ಸಿಸಿ ಬಿಎಸ್-6 ಬೈಕು ಮಳೆಗಾಲವಿಡೀ ಮುಧೋಳದ ತೋಟದ ಶೆಡ್ಡಿನಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಸಮೇತ ನಿಂತಿತ್ತು. ಆಮೇಲೆ ಬೆಳಿಗ್ಗೆ ಅದು ಸುಲಭವಾಗಿ ಸ್ಟಾರ್ಟ್ ಆಗುತ್ತಿರಲಿಲ್ಲ, ಸ್ಟಾರ್ಟ್ ಆದರೂ ಆಕ್ಸಿಲರೇಟರ್ ತಿರುವಿದ ಕೂಡಲೇ ಬಂದ್ ಬೀಳುತ್ತಿತ್ತು. ಎಂಜಿನ್ ಕಾದ ಮೇಲೆ ಮಾತ್ರ ಬಹುಮಟ್ಟಿಗೆ ಸರಿಯಾಗಿ ಓಡುತ್ತಿತ್ತು. ನೋಡಿದ ಮಿಸ್ತ್ರಿ “ಇಂಜೆಕ್ಟರ್ ಹೋಗೇತ್ರಿ, ಹೊಸಾದು ಹಾಕಿಬಿಡ್ರಿ” ಎಂದರು. ಇಂಜೆಕ್ಟರ್ ಎಂದರೆ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಭಾಗ. ಸಂಶಯ ಸರಿಯಾದ ಕಡೆಗೇ ಇತ್ತು, ಆದರೆ ಪರೀಕ್ಷಿಸದೆ ಭಾಗ ಬದಲಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಕಾದ ಮೇಲೆ ಸರಿಹೋಗುವುದೇ ಇಲ್ಲಿ ದೊಡ್ಡ ಸುಳಿವು. ತಣ್ಣಗಿರುವಾಗ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ತನ್ನಲ್ಲಿರುವ ನಿಗದಿತ ಲೆಕ್ಕದಂತೆಯೇ ಪೆಟ್ರೋಲ್ ಬಿಡುತ್ತದೆ. ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ ಬಿಸಿಯಾದ ಮೇಲೆ ಅದರ ಸಂಕೇತ ನೋಡಿ, ಪೆಟ್ರೋಲ್ ಕಡಿಮೆಯಾಗಿದ್ದರೆ ಇಂಜೆಕ್ಟರ್ ತೆರೆದಿರುವ ಹೊತ್ತನ್ನು ತುಸು ಹೆಚ್ಚಿಸುತ್ತದೆ. ಹೀಗಾಗಿ ಅರ್ಧ ಕಟ್ಟಿಕೊಂಡ ಇಂಜೆಕ್ಟರಿನ ದೋಷ ಬಿಸಿ ಎಂಜಿನ್ನಿನಲ್ಲಿ ಮರೆಯಾಗುತ್ತದೆ. ಇಂಜೆಕ್ಟರ್ ಸೋರುತ್ತಿದ್ದರೆ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ: ಬಿಸಿ ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವಾಗ ಕಷ್ಟ. ಪ್ಲಗ್ ತೆಗೆದಾಗ ಅದರ ತುದಿ ಬಿಳಿಚಿಕೊಂಡಿದ್ದದ್ದೂ ಪೆಟ್ರೋಲ್ ಕೊರತೆಯನ್ನೇ ಹೇಳಿತು.

ಮೀಟರಿನ ಎಂಜಿನ್ ದೀಪ ಯಾವ ದೋಷವನ್ನೂ ತೋರಿಸಿರಲಿಲ್ಲ. ಇಸಿಯು ಇಂಜೆಕ್ಟರಿನ ವಿದ್ಯುತ್ ಸರ್ಕಿಟ್ಟನ್ನು ಗಮನಿಸುತ್ತದೆಯೇ ಹೊರತು ತೂತು ಕಟ್ಟಿದ್ದನ್ನು ನೇರವಾಗಿ ಕಾಣಲಾರದು. ಮಲ್ಟಿಮೀಟರಿನಲ್ಲಿ ಇಂಜೆಕ್ಟರಿನ ಕಾಯಿಲ್ 12 ಓಮ್ ತೋರಿಸಿತು, ಅದು ಸರಿಯಾದ ಮಟ್ಟವೇ. ಕನೆಕ್ಟರಿಗೆ ರೆಸಿಸ್ಟರ್ ಸಹಿತ ಎಲ್ಇಡಿ ಜೋಡಿಸಿ ಸೆಲ್ಫ್ ಹೊಡೆದಾಗ ದೀಪ ಒಂದೇ ಸಮ ಮಿನುಗಿತು. ಕೀ ತಿರುಗಿಸಿದೊಡನೆ ಟ್ಯಾಂಕಿನೊಳಗಿನ ಪಂಪ್ ಸದ್ದು ಮಾಡುತ್ತಿತ್ತು, ಒತ್ತಡದ ಗೇಜ್ ಕೂಡ ಇರಬೇಕಾದಂತೆ ಸುಮಾರು 3 ಬಾರ್‌ನಲ್ಲಿ ನಿಂತಿತು. ಅಲ್ಲಿಗೆ ವೈರಿಂಗ್ ಮತ್ತು ಒತ್ತಡ ಎರಡರ ಮೇಲಿನ ಅನುಮಾನವೂ ಹೋಯಿತು.

ಉಳಿದದ್ದು ಸಿಂಪರಣೆ. ಬಯಲಿನಲ್ಲಿ, ಬೆಂಕಿ ಕಿಡಿಗಳಿಂದ ದೂರ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು, ಇಗ್ನಿಷನ್ ಕಾಯಿಲಿನ ಕನೆಕ್ಟರ್ ಬಿಚ್ಚಿಟ್ಟು, ಪೈಪಿಗೆ ಜೋಡಿಸಿದಂತೆಯೇ ಇಂಜೆಕ್ಟರನ್ನು ಹೊರತೆಗೆದು ಅದರ ಬಾಯನ್ನು ಗಾಜಿನ ಬಾಟಲಿಯೊಳಗೆ ಹಿಡಿದು ಸೆಲ್ಫ್ ಹೊಡೆಯಲಾಯಿತು. ಸಣ್ಣ ಹನಿಗಳ ಮಂಜಿನಂತೆ ಹರಡಬೇಕಿದ್ದ ಪೆಟ್ರೋಲ್ ಒಂದೇ ಮಗ್ಗುಲಿಗೆ ದಪ್ಪ ಎಳೆಯಾಗಿ ಚಿಮ್ಮಿತು. ಭೂತಗನ್ನಡಿಯಲ್ಲಿ ನೋಡಿದರೆ ತುದಿಯ ಸಣ್ಣ ರಂಧ್ರಗಳಲ್ಲಿ ಕೆಲವನ್ನು ಕಂದು ಬಣ್ಣದ ಅಂಟು ಪೊರೆ ಮುಚ್ಚಿತ್ತು. ಪೆಟ್ರೋಲ್ ಬಹುಕಾಲ ನಿಂತಲ್ಲೇ ಹಳಸಿದರೆ ಇಂಥ ಪೊರೆ ಕಟ್ಟುತ್ತದೆ.

ಎಥನಾಲ್ ಬಗ್ಗೆಯೂ ಒಂದು ಮಾತು. ನಮ್ಮ ಭಾಗದ ಕಬ್ಬಿನಿಂದಲೂ ತಯಾರಾಗುವ ಎಥನಾಲ್ ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಬೆರೆತಿರುತ್ತದೆ. ಅದು ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಸೇರಿ ಪದರವಾಗಿ, ಪಂಪ್ ಪೆಟ್ರೋಲ್ ಎಳೆಯುವ ತಳಕ್ಕೇ ಇಳಿಯುತ್ತವೆ. ಟ್ಯಾಂಕಿನ ತಳದ ಪೆಟ್ರೋಲನ್ನು ರಾತ್ರಿಯಿಡೀ ಗಾಜಿನ ಬಾಟಲಿಯಲ್ಲಿ ತಿಳಿಯಾಗಲು ಬಿಟ್ಟೆ. ಬೇರೆ ಪದರ ಕಾಣಲಿಲ್ಲ, ಆದ್ದರಿಂದ ಎಥನಾಲನ್ನು ದೂರುವ ಕಾರಣವಿಲ್ಲ. ಆದರೆ ತಳದಲ್ಲಿ ಕೆಂಪು ತುಕ್ಕಿನ ಪುಡಿ ಕೂತಿತ್ತು.

ಬಾಗಲಕೋಟೆಯ ಗ್ಯಾರೇಜೊಂದರಲ್ಲಿ ಇಂಜೆಕ್ಟರನ್ನು ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಸಿದೆ. ಅದಕ್ಕೆ ನೇರವಾಗಿ ಬ್ಯಾಟರಿ ಕೊಟ್ಟು ಬಹಳ ಹೊತ್ತು ತೆರೆದಿಡುವ ಮನೆಮದ್ದನ್ನು ನಾನು ಯಾರಿಗೂ ಹೇಳಲಾರೆ, ಕಾಯಿಲ್ ಸುಡುವ ಅಪಾಯವಿದೆ. ಹೊಸ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಹಾಕಿ ಮತ್ತೆ ಬಾಟಲಿಯಲ್ಲಿ ನೋಡಿದಾಗ ಸಿಂಪರಣೆ ಎಲ್ಲ ಕಡೆ ಸಮನಾಗಿತ್ತು, ಒತ್ತಡದಲ್ಲಿ ಹಾಗೆಯೇ ಬಿಟ್ಟರೂ ತುದಿಯಿಂದ ಹನಿ ಬೀಳಲಿಲ್ಲ. ಬೈಕು ಈಗ ತಣ್ಣಗಿರುವಾಗಲೂ ಮೊದಲ ಸೆಲ್ಫಿಗೇ ಸ್ಟಾರ್ಟ್ ಆಗುತ್ತಿದೆ.

ಟ್ಯಾಂಕ್ ಮಾತ್ರ ಬಾಕಿಯಿದೆ. ತುಕ್ಕು ಉಳಿದರೆ ಪಂಪಿನ ಜಾಳಿಗೆ ಕಟ್ಟಿ ಒತ್ತಡ ಇಳಿಯಬಹುದು. ಮುಂದಿನ ವಾರ ಪಂಪ್ ಇಳಿಸಿ, ಟ್ಯಾಂಕ್ ತೊಳೆದು, ಜಾಳಿಗೆಯ ಸ್ಥಿತಿ ನೋಡಿ ಬರೆಯುತ್ತೇನೆ.