ಚೆಪ್‌ಸ್ಟೋ ಕೋಟೆಗೆ ಹೊರಟವರಿಗೆ

ವೇಲ್ಸ್‌ನ ಗಡಿಯಲ್ಲಿರುವ ಚೆಪ್‌ಸ್ಟೋ ಕೋಟೆಯನ್ನು ನೋಡಲು ಹೋಗುವವರು ‘ಕೋಟೆ ಕಾಣುವ ಕೋಣೆ’ ಎಂಬ ಮಾತಿಗೆ ಮರುಳಾಗಬಾರದೆಂದು ಮೊದಲೇ ಹೇಳಿಬಿಡುತ್ತೇನೆ. ಬ್ರಿಸ್ಟಲ್‌ನಲ್ಲಿರುವ ಮಗನ ಮನೆಯಿಂದ ಹೋಗಿದ್ದ ನಾವು ಮೂವತ್ತು ಪೌಂಡ್ ಹೆಚ್ಚಿಗೆ ತೆತ್ತು ಹಿಡಿದ ಕೋಣೆಯ ಕಿಟಕಿಯಿಂದ ಕಂಡದ್ದು ಸಾಲಾಗಿ ನಿಂತ ಕಾರುಗಳು. ಕತ್ತು ಹೊರಚಾಚಿದರೆ ಗೋಡೆಯ ಒಂದು ಮೂಲೆ. ಕೇಳಿದ್ದಕ್ಕೆ, ‘ಅದೂ ಕೋಟೆಯೇ ಅಲ್ಲವೇ?’ ಎಂಬ ಉತ್ತರ ಬಂತು.

ಕೋಟೆಯ ನಿಜವಾದ ನೋಟಕ್ಕೆ ಬಿಡಿಗಾಸೂ ಬೇಡ. ವೈ ನದಿಗೆ 1816ರಲ್ಲಿ ಕಟ್ಟಿದ ಎರಕದ ಕಬ್ಬಿಣದ ಸೇತುವೆಯ ನಡುವೆ ನಿಂತರೆ, ಸುಣ್ಣಕಲ್ಲಿನ ಬಂಡೆಯ ನೆತ್ತಿಯುದ್ದಕ್ಕೂ ಹಬ್ಬಿದ ಕೋಟೆ ಪೂರ್ತಿಯಾಗಿ ಕಾಣುತ್ತದೆ. ಕಡಲಿನ ಉಬ್ಬರವಿಳಿತ ಇಲ್ಲಿಯವರೆಗೂ ಬರುವುದರಿಂದ ಇಳಿತದ ಹೊತ್ತಿಗೆ ಹೋದವರಿಗೆ ಸಿಗುವುದು ಬರೀ ಕೆಸರು. ಉಬ್ಬರದ ವೇಳೆಯನ್ನು ವಿಚಾರಿಸಿಕೊಂಡು ಹೋಗಿ.

1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯ ಆಪ್ತ, ನಾರ್ಮನ್ ಸರದಾರ ವಿಲಿಯಂ ಫಿಟ್ಸ್‌ಆಸ್ಬರ್ನ್ ಮರುವರ್ಷವೇ ಇಲ್ಲಿ ಕೋಟೆಯ ಕೆಲಸ ಹಿಡಿದನು. ಆದರೆ ಅವನು 1071ರಲ್ಲಿ ಫ್ಲಾಂಡರ್ಸ್‌ನ ಕಾಳಗದಲ್ಲಿ ಮಡಿದನು, 1075ರಲ್ಲಿ ಮಗ ರೋಜರ್ ದೊರೆಗೆ ತಿರುಗಿಬಿದ್ದು ಆಸ್ತಿಯನ್ನೆಲ್ಲ ಕಳೆದುಕೊಂಡನು. ಹೀಗಾಗಿ ನಡುವಿನ ದೊಡ್ಡ ಗೋಪುರ ಸರದಾರನದೋ ದೊರೆಯದೋ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇದೆ. ಅದರ ಗೋಡೆಯಲ್ಲಿ ಅಡ್ಡಲಾಗಿ ಹಾದಿರುವ ಕೆಂಪು ಪಟ್ಟಿಯನ್ನು ತಪ್ಪದೆ ನೋಡಿ; ಅದು ರೋಮನ್ನರ ಕಾಲದ ಹೆಂಚನ್ನು ಮತ್ತೆ ಬಳಸಿ ಕಟ್ಟಿದ್ದು.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಒಂದು ಜೊತೆ ಬಾಗಿಲು. ಮುಖ್ಯದ್ವಾರದಲ್ಲಿ 1962ರವರೆಗೂ ತೂಗುತ್ತಿದ್ದ, ಈಗ ಒಳಗೆ ಇರಿಸಿರುವ ಈ ಓಕ್ ಮರದ ಬಾಗಿಲುಗಳು 1190ಕ್ಕಿಂತ ಹಿಂದಿನವೆಂದು ಮರದೊಳಗೆ ವರ್ಷಕ್ಕೊಂದರಂತೆ ಬೆಳೆಯುವ ಬಳೆಗಳನ್ನು ಎಣಿಸಿ ತಿಳಿದಿದ್ದಾರೆ. ಯುರೋಪಿನ ಕೋಟೆ ಬಾಗಿಲುಗಳಲ್ಲಿ ಇವೇ ಅತ್ಯಂತ ಹಳೆಯವಂತೆ. ಮುಂಭಾಗದ ಕಬ್ಬಿಣದ ಹೊದಿಕೆಗಿಂತ ಹಿಂಬದಿಯಲ್ಲಿ ಪಟ್ಟಿಗೆ ಪಟ್ಟಿ ಕೂಡಿಸಿ ಹೆಣೆದ ಮರದ ಚೌಕಟ್ಟು ಸೊಗಸಾಗಿದೆ. ಒಳಾಂಗಣವೆಲ್ಲ ಏರುದಾರಿಯಾದ್ದರಿಂದ ಮಂಡಿನೋವಿನವರು ಇದನ್ನು ಮೊದಲು ನೋಡಿ ಮುಗಿಸುವುದು ಒಳ್ಳೆಯದು.

ಊಟಕ್ಕೆ ಕೋಟೆಯ ಪಕ್ಕದ ಹೋಟೆಲುಗಳನ್ನು ಬಿಟ್ಟು ಮೇಲಿನ ಪೇಟೆಗೆ ಹತ್ತಿ. ಐದೇ ಮೇಜುಗಳ ಒಂದು ಅಂಗಡಿಯಲ್ಲಿ ಲೀಕ್ ಸೊಪ್ಪು, ಆಲೂಗಡ್ಡೆ ಬೇಯಿಸಿದ ಗಟ್ಟಿ ಸೂಪು, ಜೊತೆಗೆ ಅಂಗೈ ದಪ್ಪದ ಬ್ರೆಡ್ಡು ಕೊಟ್ಟರು. ಏಳು ಪೌಂಡಿಗೆ ಇಬ್ಬರ ಹೊಟ್ಟೆ ತುಂಬಿತು. ಒಣದ್ರಾಕ್ಷಿ ಹಾಕಿ ಕಬ್ಬಿಣದ ಕಾವಲಿಯ ಮೇಲೆ ಸುಟ್ಟ, ನಿಪ್ಪಟ್ಟಿನಷ್ಟಗಲದ ವೆಲ್ಶ್ ಕೇಕನ್ನು ಬಿಸಿಯಿರುವಾಗಲೇ ತಿನ್ನಬೇಕು. ಸಸ್ಯಾಹಾರಿಗಳು ಮಾತ್ರ ಅದನ್ನು ಬೆಣ್ಣೆಯಲ್ಲಿ ಮಾಡಿದ್ದೋ ಹಂದಿಯ ಕೊಬ್ಬಿನಲ್ಲಿ ಮಾಡಿದ್ದೋ ಎಂದು ಕೇಳಿಯೇ ತೆಗೆದುಕೊಳ್ಳಿ. ನಾವು ಎರಡನೆಯ ತಟ್ಟೆ ಹೇಳಿದ ಮೇಲೆ ಕೇಳಿದೆವು, ಪುಣ್ಯಕ್ಕೆ ಬೆಣ್ಣೆಯದಾಗಿತ್ತು.