ಗೋಡೆಗಿಂತ ಗಾಜೇ ಜಾಸ್ತಿ ಇರುವ ಮನೆ

ನಮ್ಮ ವರ್ಕ್‌ಶಾಪ್ ಇರುವುದು ಕಾಮಾಕ್ಷಿಪಾಳ್ಯದಲ್ಲಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಅಲ್ಯೂಮಿನಿಯಂ ಕಿಟಕಿ, ಬಾತ್‌ರೂಮ್ ವೆಂಟಿಲೇಟರ್, ಅಂಗಡಿಗಳ ಗಾಜಿನ ಬಾಗಿಲು ನಮ್ಮ ಕೆಲಸ. ನನ್ನ ಮೇಜಿನ ಎದುರಿನ ಗೋಡೆಗೆ ಒಂದು ಇಂಗ್ಲಿಷ್ ಮನೆಯ ಫೋಟೋ, ಪಕ್ಕದಲ್ಲೇ ಅದರ ಪ್ಲಾನ್ ಅಂಟಿಸಿದ್ದೇನೆ. ಆರ್ಡರ್ ಕೊಡೋಕೆ ಬಂದವರು "ಇದ್ಯಾವ ಅರಮನೆ ಮೇಡಂ?" ಅಂತ ಕೇಳುತ್ತಾರೆ. ಪ್ರತಿ ಸಲವೂ ಖುಷಿಯಿಂದ ಹೇಳುತ್ತೇನೆ.

ಅದರ ಹೆಸರು ಹಾರ್ಡ್‌ವಿಕ್ ಹಾಲ್. ಡರ್ಬಿಶೈರ್‌ನ ಒಂದು ಗುಡ್ಡದ ಮೇಲಿದೆ. ಕಟ್ಟಿಸಿದ್ದು ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್. ಬೆಸ್ ಆಫ್ ಹಾರ್ಡ್‌ವಿಕ್ ಅಂದರೇ ಜನಕ್ಕೆ ಗೊತ್ತಾಗುವುದು. 1590ರಲ್ಲಿ ನಾಲ್ಕನೇ ಗಂಡ ತೀರಿಕೊಂಡಾಗ ಆಕೆಗೆ ಅರವತ್ತು ದಾಟಿತ್ತು. ಕೈತುಂಬಾ ದುಡ್ಡಿತ್ತು, ಕೇಳುವವರು ಯಾರೂ ಇರಲಿಲ್ಲ. ಪಕ್ಕದಲ್ಲೇ ಇನ್ನೊಂದು ಮನೆಯ ಕೆಲಸ ನಡೆಯುತ್ತಿದ್ದಾಗಲೇ ಇದಕ್ಕೆ ಪಾಯ ತೆಗೆಸಿದಳು. 1597ರಲ್ಲಿ ಬಂದು ಸೇರಿಕೊಂಡಳು. ನಕ್ಷೆ ರಾಬರ್ಟ್ ಸ್ಮಿತ್ಸನ್‌ದು ಎನ್ನುತ್ತಾರೆ. ಆತ ಮೂಲತಃ ಕಲ್ಲುಕೆಲಸದವನು.

"ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಜಾಸ್ತಿ" ಅಂತ ಅಲ್ಲೊಂದು ಮಾತೇ ಇದೆ. ಗಾಜಿನ ವ್ಯವಹಾರದಲ್ಲಿರುವ ನನಗೆ ಮೊದಲು ತಲೆಗೆ ಬಂದಿದ್ದು, ಆ ಕಾಲದಲ್ಲಿ ಇದನ್ನು ಹೇಗೆ ಕೂರಿಸಿದರು ಅನ್ನುವುದು. ಆಗ ದೊಡ್ಡ ಗಾಜು ಮಾಡಲು ಬರುತ್ತಿರಲಿಲ್ಲ. ಊದಿ ಮಾಡಿದ ಗಾಜನ್ನು ಅಂಗೈಯಷ್ಟು ತುಂಡು ಮಾಡಿ, ಎರಡೂ ಕಡೆ ಉದ್ದಕ್ಕೂ ಸಂದು ಇರುವ ಸೀಸದ ಪಟ್ಟಿಗಳ ನಡುವೆ ಕೂರಿಸುತ್ತಿದ್ದರು. ಸೀಸ ಮೆತ್ತಗಿರುತ್ತದೆ. ಜೋರು ಗಾಳಿ ಬೀಸಿದರೆ ಬಗ್ಗುತ್ತದೆ. ಅದಕ್ಕೇ ದೊಡ್ಡ ಕಿಟಕಿ ಬೇಕಾದರೆ ನಡುವೆ ಕಲ್ಲಿನ ಕಂಬ, ಕಲ್ಲಿನ ಅಡ್ಡಪಟ್ಟಿ ಕೊಟ್ಟು ಅದನ್ನು ಭಾಗ ಮಾಡಲೇಬೇಕು. ದೂರದಿಂದ ನೋಡಿದರೆ ಇಡೀ ಗೋಡೆಯೇ ಗಾಜು. ಹತ್ತಿರದ ಫೋಟೋ ನೋಡಿದರೆ ಭಾರವನ್ನೆಲ್ಲ ಹೊತ್ತಿರುವುದು ಕಲ್ಲಿನ ಚೌಕಟ್ಟು. ಗಾಜು ತುಂಬಾ ದುಬಾರಿಯಾಗಿದ್ದ ಕಾಲ ಅದು. ಬೆಸ್‌ಗೆ ತನ್ನದೇ ಕಲ್ಲುಗಣಿ ಇತ್ತು, ತನ್ನದೇ ಗಾಜಿನ ಭಟ್ಟಿ ಇತ್ತು.

ಇನ್ನು ಪ್ಲಾನ್. ನನಗೆ ಫೋಟೋಗಿಂತ ಇದೇ ಇಷ್ಟ. ಸಾಮಾನ್ಯವಾಗಿ ಬೆಂಕಿಗೂಡು, ಚಿಮಣಿ ಹೊರಗೋಡೆಗೆ ಬಂದುಬಿಟ್ಟರೆ ಅಲ್ಲಿ ಕಿಟಕಿಗೆ ಜಾಗ ಉಳಿಯುವುದಿಲ್ಲ. ಇಲ್ಲಿ ಹೆಚ್ಚಿನ ಚಿಮಣಿಗಳನ್ನು ಮನೆಯ ಒಳಗಿನ ದಪ್ಪ ಗೋಡೆಗೆ ತಳ್ಳಿದ್ದಾರೆ. ಹೊರಗೋಡೆ ಬಿಡುವಾಯಿತು, ಅಷ್ಟೂ ಕಡೆ ಕಿಟಕಿ ಬಂತು. ಗಾಜಿನ ಮನೆ ಅಂತ ಹೆಸರು ಬಂದಿದ್ದು ಕಾಣದ ಆ ಒಳಗೋಡೆಯಿಂದ! ಹೊರಗಿನ ಸಾಲು ಕೆಡಬಾರದು ಅಂತ ಕೆಲವು ಕಡೆ ಸುಮ್ನೆ ಗಾಜು ಹಾಕಿದ್ದಾರೆ. ಅವುಗಳ ಹಿಂದೆ ಕೋಣೆಯೇ ಇಲ್ಲ.

ಮಹಡಿಗಳ ಎತ್ತರ ನೋಡಿ. ಕೆಳಗಿನದು ತಗ್ಗು, ಕೆಲಸದವರಿಗೆ. ಅದರ ಮೇಲಿನದು ಬೆಸ್ ದಿನಾ ಬಳಸುತ್ತಿದ್ದದ್ದು. ಎಲ್ಲಕ್ಕಿಂತ ಮೇಲಿನದು ಎಲ್ಲಕ್ಕಿಂತ ಎತ್ತರ, ದೊಡ್ಡ ಮನುಷ್ಯರು ಬಂದರೆ ಕೂರಿಸಲು. ಹಾಗಾಗಿ ಮೇಲೆ ಹೋದಂತೆ ಕಿಟಕಿ ಉದ್ದವಾಗುತ್ತಾ ಹೋಗುತ್ತದೆ. ಮೇಲೆ ಆರು ಗೋಪುರ, ಅವುಗಳ ನೆತ್ತಿಯಲ್ಲಿ ಕಲ್ಲಲ್ಲಿ ಕಡೆದ 'ಇ ಎಸ್'. ಎಲಿಜಬೆತ್ ಶ್ರೂಸ್‌ಬರಿ, ಆಕೆಯ ಹೆಸರಿನ ಅಕ್ಷರಗಳು. ಗಂಡಸರೇ ಆಸ್ತಿ ಆಳುತ್ತಿದ್ದ ಕಾಲದಲ್ಲಿ ಒಬ್ಬ ಹೆಂಗಸು ತನ್ನ ಅಕ್ಷರಗಳನ್ನು ಆಕಾಶದಲ್ಲಿ ನಿಲ್ಲಿಸಿದ್ದು ನನಗಂತೂ ತುಂಬಾ ಹಿಡಿಸುತ್ತದೆ.

ಆದರೆ ಅಷ್ಟು ಗಾಜು ಇದ್ದರೆ ಒಳಗೆ ಹೇಗಿರುತ್ತದೆ? ಚಳಿ. 1601ರಲ್ಲಿ ಮನೆಯ ಸಾಮಾನೆಲ್ಲ ಪಟ್ಟಿ ಮಾಡಿಸಿದ್ದಾರೆ. ಆ ಪಟ್ಟಿಯಲ್ಲಿ ಬೆಸ್ ಮಲಗುವ ಕೋಣೆಯ ಕಿಟಕಿಗೆ ಅಡ್ಡ ಹಾಕಲು, ಬಾಗಿಲಿಗೆ ಅಡ್ಡ ಹಾಕಲು ಅಂತಲೇ ಹೊದಿಕೆಗಳಿವೆ. ಇಂಗ್ಲೆಂಡಿನಲ್ಲೇ ಅತಿ ದೊಡ್ಡ ಕಿಟಕಿಗಳಲ್ಲಿ ಕೆಲವನ್ನು ಕಟ್ಟಿಸಿದಾಕೆ ರಾತ್ರಿ ಅವಕ್ಕೆ ಕಂಬಳಿ ಹೊದಿಸಿ ಮಲಗುತ್ತಿದ್ದಳು ಅಂತಾಯಿತು. ಈ ವಿವರ ಓದಿದ ಮೇಲೆ ಆಕೆ ನನಗೆ ಬಹಳ ಹತ್ತಿರದವಳಾದಳು.

ನಮ್ಮೂರಿನ ತೊಂದರೆ ತಿರುಗುಮುರುಗು. ಹಾರ್ಡ್‌ವಿಕ್ ಇರುವುದು ಸುಮಾರು 53 ಡಿಗ್ರಿ ಉತ್ತರದಲ್ಲಿ. ಚಳಿಗಾಲದಲ್ಲಿ ಸೂರ್ಯ ಮೇಲೇರುವುದೇ ಇಲ್ಲ, ಸಿಕ್ಕಷ್ಟು ಬೆಳಕು ಒಳಗೆ ಬರಲಿ ಅನ್ನಿಸುವುದು ಸಹಜ. ಬೆಂಗಳೂರು ಸುಮಾರು 13 ಡಿಗ್ರಿ. ಮೂವತ್ತು ನಲವತ್ತರ ಸೈಟಿನಲ್ಲಿ ಪಶ್ಚಿಮಕ್ಕೆ ಫುಲ್ ಗ್ಲಾಸ್ ಬೇಕು, ಸಜ್ಜಾ ಬೇಡ, ಲುಕ್ ಹಾಳಾಗುತ್ತೆ ಅಂತ ಬರುವವರಿಗೆ ನಾನು ಒಪ್ಪಿಕೊಂಡು ಕೊಟೇಶನ್ ಕೊಟ್ಟುಬಿಟ್ಟರೆ ನನಗೇ ಲಾಭ. ಕೊಡುವುದಿಲ್ಲ. ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆಗೆ ಆ ರೂಮಿನಲ್ಲಿ ಕೂರೋಕಾಗಲ್ಲ. ಆಮೇಲೆ ದಪ್ಪ ಕರ್ಟನ್ ಎಳೆದು, ಎಸಿ ಹಾಕಿ, ಹಗಲಲ್ಲೇ ಲೈಟ್ ಉರಿಸುತ್ತಾರೆ. ಬಸವನಗುಡಿ, ಮಲ್ಲೇಶ್ವರದ ಹಳೇ ಬಂಗಲೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರುವ ಮಂಕಿ ಟಾಪ್ ನೋಡಿ. ಕಿಟಕಿಯ ಮೇಲೆ ಮುಂದಕ್ಕೆ ಚಾಚಿದ ಮರದ ಚೂಪು ಟೋಪಿ, ಮುಂದೆ ಸಾಲಾಗಿ ಪಟ್ಟಿಗಳು. ಮಳೆಯ ಎರಚಲು, ಬಿಸಿಲು ಎರಡೂ ಒಳಗೆ ಬರುವುದಿಲ್ಲ, ಗಾಳಿ ಬರುತ್ತದೆ. ಅದೂ ಬ್ರಿಟಿಷರ ಕಾಲದ್ದೇ, ಆದರೆ ಈ ಊರಿನ ಬಿಸಿಲು ನೋಡಿ ಮಾಡಿದ್ದು, ಅಲ್ವಾ?

ಹಾರ್ಡ್‌ವಿಕ್‌ನ ಗಾಜಿಗೆ ಇವತ್ತಿಗೂ ಬೆಲೆ ತೆರುತ್ತಲೇ ಇದ್ದಾರೆ. ಮೇಲಿನ ಮಹಡಿಯ ಉದ್ದನೆಯ ಗ್ಯಾಲರಿಯಲ್ಲಿ ಬೆಸ್ 1592ರಲ್ಲಿ ಕೊಂಡ ಬೈಬಲ್‌ನ ಗಿಡಿಯನ್ ಕಥೆಯ 13 ನೇಯ್ದ ಪರದೆಗಳಿವೆ. ಬೆಳಕು ಬಿದ್ದರೆ ಬಟ್ಟೆ ಮಾಸುತ್ತದೆ, ನೂಲು ಪುಡಿಯಾಗುತ್ತದೆ. 1959ರಿಂದ ಮನೆಯನ್ನು ನೋಡಿಕೊಳ್ಳುತ್ತಿರುವ, ಹಳೇ ಕಟ್ಟಡಗಳನ್ನು ಉಳಿಸುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಆ ಹದಿಮೂರನ್ನೂ ಸರಿಮಾಡಿಸಿ ಮುಗಿಸಿದ್ದು 2023ರಲ್ಲಿ. ಹಿಡಿದದ್ದು 24 ವರ್ಷ.

ನಿಮ್ಮ ಮನೆಯಲ್ಲಿ ಆರ್ಕಿಟೆಕ್ಚರ್ ಓದುವ ಮಕ್ಕಳಿದ್ದರೆ ಈ ಮನೆಯ ಮೂರೂ ಮಹಡಿಯ ಪ್ಲಾನ್ ಹುಡುಕಿ ತೆಗೆಯಲು ಹೇಳಿ. ಮೊದಲು ಬೆಂಕಿಗೂಡುಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಲಿ. ಕಿಟಕಿಗಳನ್ನು ಆಮೇಲೆ ನೋಡಲಿ.