ಎಡಗಡೆ ಸೀಟು: ನನ್ನ ಸ್ವಿಫ್ಟ್, ಜೂನ್‌ನಿಂದ ನವೆಂಬರ್‌ವರೆಗೆ

ಜೂನ್ 8, 2025, ಭಾನುವಾರ

ಹೋದ ಸಲ ಬರೆದಾಗ, ಬೇಸಿಗೆಯಲ್ಲಿ ಹೆಡರ್ (ಹೊಗೆ ಸಲೀಸಾಗಿ ಹೋಗುವ ಪೈಪು) ಹಾಕಿಸಿ, ಇಸಿಯು ಅಂದರೆ ಎಂಜಿನ್ನಿನ ಕಂಪ್ಯೂಟರ್ ಟ್ಯೂನ್ ಮಾಡಿಸ್ತೀನಿ ಅಂದಿದ್ದೆ. ಎರಡೂ ಆಗಲಿಲ್ಲ. ಈ ವರ್ಷ ಆಗುವುದೂ ಇಲ್ಲ. ಕಾರು ಅದೇ 2008ರ 1.3 ಪೆಟ್ರೋಲ್ ಸ್ವಿಫ್ಟ್. ಎಂಜಿನ್‌ಗೆ ಎತ್ತಿಟ್ಟಿದ್ದ ದುಡ್ಡೆಲ್ಲ ಎಡಗಡೆ ಸೀಟಿಗೆ ಹೋಗುತ್ತಿದೆ.

ಯಾಕೆ ಅಂತ ಹೇಳಬೇಕಾದರೆ ಫೆಬ್ರವರಿಯ ಅಪಘಾತದ ವಿಷಯ ಬರೆಯಬೇಕು. ನಾಲ್ಕು ತಿಂಗಳು ಮುಂದೂಡಿದೆ.

ನಾವು ಮೈಸೂರಿನವರಿಗೆ ರೇಸ್ ಟ್ರ್ಯಾಕ್ ಅಂದರೆ ಒಂದೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಇಲ್ಲಾ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ. ಮೊದಲನೆಯದರ ಸುತ್ತು ಸುಮಾರು 2.1 ಕಿ.ಮೀ., ಎರಡನೆಯದು 3.7. ಇದು ಎಲ್ಲಿ ಆಯಿತು ಅಂತ ಹೇಳುವುದಿಲ್ಲ. ತಪ್ಪು ಟ್ರ್ಯಾಕಿನದಲ್ಲ, ನನ್ನದು.

ನನಗೆ ಟ್ರ್ಯಾಕಿನಲ್ಲಿ ಓಡಿಸೋದು ಕಲಿಸುತ್ತಿದ್ದ ಸಾರ್ ಎಡಗಡೆ ಕೂತಿದ್ದರು. ಐದನೇ ಸುತ್ತಿನಲ್ಲಿ ಬ್ರೇಕ್ ಪೆಡಲ್ ಯಾವಾಗಲಿಗಿಂತ ಒಂದು ಬೆರಳು ಜಾಸ್ತಿ ಕೆಳಗೆ ಇಳಿಯಿತು. ಅವರಿಗೆ ಏನೋ ಅನುಮಾನ ಬಂದಿರಬೇಕು. ಇಂಟರ್‌ಕಾಮ್‌ನಲ್ಲಿ "ಪೆಡಲ್ ಹೆಂಗಿದೆ?" ಅಂದರು. "ಓಕೆ ಸಾರ್" ಅಂದೆ. ಅವತ್ತು ಸುತ್ತಿನ ಟೈಮ್ ಚೆನ್ನಾಗಿ ಬರುತ್ತಿತ್ತು. ಇನ್ನೊಂದೇ ಸುತ್ತು, ಆಮೇಲೆ ಒಳಗೆ ಹೋಗೋಣ ಅಂದುಕೊಂಡಿದ್ದೆ. ಆರನೇ ಸುತ್ತಿನಲ್ಲಿ, ಉದ್ದನೆ ನೇರ ದಾರಿಯ ಕೊನೆಯಲ್ಲಿ, ಪೆಡಲ್ ಹತ್ತಿ ದಿಂಬು ಒತ್ತಿದ ಹಾಗೆ ನೆಲ ಮುಟ್ಟಿತು. ಮಣ್ಣು ದಾಟಿ ಟೈರ್ ಗೋಡೆಗೆ ಎಡ ಮೂಲೆಯಿಂದ ಹೋಗಿ ಬಿದ್ದೆವು.

ನನಗೆ ಒಂದು ಗೀರೂ ಇಲ್ಲ. ನನ್ನ ಕಡೆ ಬಕೆಟ್ ಸೀಟು, ಆರು ಪಟ್ಟಿಯ ಬೆಲ್ಟು, ಕುತ್ತಿಗೆಗೆ ಹ್ಯಾನ್ಸ್ (ಗುದ್ದಿದಾಗ ತಲೆ ಮುಂದಕ್ಕೆ ಹೋಗದ ಹಾಗೆ ಹೆಲ್ಮೆಟ್ಟನ್ನು ಹಿಡಿಯುವ ಸಾಧನ). ಸಾರ್ ಕಡೆ ಕಂಪನಿ ಸೀಟು, ಕಂಪನಿ ಬೆಲ್ಟು. ಅವರ ಕಾಲರ್ ಮೂಳೆ ಮುರಿಯಿತು. ಎರಡು ಪಕ್ಕೆಲುಬು ಬಿರುಕು ಬಿಟ್ಟವು.

ಕಾರಣ ತುಂಬಾ ಸಣ್ಣದು. ಬ್ರೇಕ್ ಆಯಿಲ್ ಎರಡು ವರ್ಷ ಹಳೆಯದು, ಅದೂ ಡಾಟ್ 3 ದರ್ಜೆಯದು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೂ ಕುದಿಯಬಾರದು ಅಂತ ನಿಯಮ. ಆದರೆ ಈ ಆಯಿಲ್ ಗಾಳಿಯಲ್ಲಿರುವ ನೀರನ್ನು ಹೀರುತ್ತಾ ಹೋಗುತ್ತದೆ. ಹೀರಿದ ಮೇಲೆ ಅದೇ ನಿಯಮ 140 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿ. ಕಾಲಿನ ಒತ್ತಡವೆಲ್ಲ ಆವಿಯನ್ನು ಅಮುಕುವುದಕ್ಕೇ ಹೋಗುತ್ತದೆ, ಡಿಸ್ಕಿಗೆ ತಲುಪುವುದಿಲ್ಲ. ಊರೊಳಗೆ ಇದು ಗೊತ್ತೇ ಆಗಲ್ಲ. ಗಂಟೆಗೆ 140 ಕಿ.ಮೀ. ವೇಗದಲ್ಲಿ ಓಡುವ ಕಾರನ್ನು ನಿಲ್ಲಿಸಲು 100ರ ಕಾರಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಶಾಖವನ್ನು ಬ್ರೇಕು ನುಂಗಬೇಕು. ಅದನ್ನು ಪ್ರತಿ ಸುತ್ತಿನಲ್ಲೂ ನುಂಗಬೇಕು.

ಕಾರಿನ ರಿಪೇರಿ 71 ಸಾವಿರ, ಪೂರ್ತಿ ಕೈಯಿಂದ. ನಮ್ಮ ಖಾಸಗಿ ಕಾರಿನ ಪಾಲಿಸಿ ತೆಗೆದು ಓದಿ. ರೇಸ್, ವೇಗ ಪರೀಕ್ಷೆಗೆ ಬಳಸಿದರೆ ಅನ್ವಯಿಸಲ್ಲ ಅಂತ ಬರೆದಿರುತ್ತದೆ.

ದೊಡ್ಡ ನಷ್ಟ ಅದಲ್ಲ. ಸಾರ್ ಆಸ್ಪತ್ರೆಯಿಂದ ಮನೆಗೆ ಹೋದ ದಿನ ಫೋನ್ ಮಾಡಿ, "ಇನ್ನು ಎಡಗಡೆ ಕೂರಾಕಿಲ್ಲ ಕಣಪ್ಪ, ನೀನು ಬೇಜಾರ್ ಮಾಡ್ಕೋಬ್ಯಾಡ" ಅಂದರು. ಹುಡುಗರಿಗೆ ಹದಿನಾಲ್ಕು ವರ್ಷ ಕಲಿಸಿದವರು. ನಿಲ್ಲಿಸಿಬಿಟ್ಟರು.

ಜೂನ್ 22

ಕೆಲಸ ಏನೂ ಆಗಿಲ್ಲ, ಓದಿದ್ದೇ ಜಾಸ್ತಿ.

ಸೀನ್ ಎಡ್ವರ್ಡ್ಸ್ ಬಗ್ಗೆ ಓದಿದೆ. ಬ್ರಿಟನ್ನಿನ ಡ್ರೈವರ್. 2013ರಲ್ಲಿ ನ್ಯೂರ್ಬರ್ಗ್‌ರಿಂಗ್ 24 ಗಂಟೆ ರೇಸ್ ಗೆದ್ದ ತಂಡದಲ್ಲಿದ್ದ. ಅದೇ ವರ್ಷ ಪೋರ್ಷೆ ಸೂಪರ್‌ಕಪ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ. ಅಕ್ಟೋಬರ್ 15ರಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರೇಸ್‌ವೇನಲ್ಲಿ ಒಬ್ಬ ಹುಡುಗನಿಗೆ ಕಲಿಸುತ್ತಾ ಪಕ್ಕದ ಸೀಟಿನಲ್ಲಿ ಕೂತಿದ್ದ. ಕಾರು ಟ್ರ್ಯಾಕ್ ಬಿಟ್ಟು ಗೋಡೆಗೆ ಬಡಿಯಿತು. ಓಡಿಸುತ್ತಿದ್ದ ಹುಡುಗ ಗಾಯಗೊಂಡು ಉಳಿದ. ಎಡ್ವರ್ಡ್ಸ್ ಉಳಿಯಲಿಲ್ಲ. 26 ವರ್ಷ. 1976ರಲ್ಲಿ ಫಾರ್ಮುಲಾ ಒನ್ ಡ್ರೈವರ್ ನಿಕಿ ಲೌಡಾ ಕಾರಿಗೆ ಬೆಂಕಿ ಹತ್ತಿಕೊಂಡಾಗ ಅವರನ್ನು ಎಳೆದು ಹೊರತೆಗೆದ ಡ್ರೈವರ್‌ಗಳಲ್ಲಿ ಇವನ ತಂದೆ ಗೈ ಎಡ್ವರ್ಡ್ಸ್ ಕೂಡ ಒಬ್ಬರು. ಇದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

2015ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲೋರಿಡಾದಲ್ಲೂ ಹೀಗೇ. ದುಡ್ಡು ಕೊಟ್ಟು ಲ್ಯಾಂಬೋರ್ಗಿನಿ ಓಡಿಸುವ ಜಾಗ. ಕಾರು ಹೋಗಿ ಬಡಿದಿದ್ದು ಗಾರ್ಡ್‌ರೈಲಿನ ಬರಿ ತುದಿಗೆ, ಅದೂ ಕಲಿಸುವವರ ಕಡೆಯಿಂದ. ಆ ಟ್ರ್ಯಾಕ್ ಕಟ್ಟಿದ್ದು ಒಂದು ದಿಕ್ಕಿಗೆ, ಅಲ್ಲಿ ಕಾರು ಓಡಿಸುತ್ತಿದ್ದದ್ದು ಅದರ ಉಲ್ಟಾ. ಹಾಗಾಗಿ ಯಾರಿಗೂ ಎದುರಾಗಬಾರದಿದ್ದ ತುದಿ ಎದುರಾಯಿತು. ಅಲ್ಲೂ ಓಡಿಸುತ್ತಿದ್ದವನು ಉಳಿದ.

ಪಕ್ಕದಲ್ಲಿ ಕೂತವರ ಕೈಯಲ್ಲಿ ಏನೂ ಇರುವುದಿಲ್ಲ. ಸ್ಟೇರಿಂಗ್ ಇಲ್ಲ, ಪೆಡಲ್ ಇಲ್ಲ. ಇರುವುದು ಮಾತು ಒಂದೇ. ಆ ಮಾತಿಗೆ ನಾನು ಕೊಟ್ಟ ಉತ್ತರ "ಓಕೆ ಸಾರ್".

ಜುಲೈ 13

ಆಷಾಢ. ಬನ್ನಿಮಂಟಪದ ನಮ್ಮ ಮೆಕ್ಯಾನಿಕ್ "ಹೊಸ ಕೆಲಸ ಶ್ರಾವಣಕ್ಕೆ ಶುರು ಮಾಡಣ ಸಾರ್" ಅಂದುಬಿಟ್ಟ. ಸರಿ, ಆ ನೆಪದಲ್ಲಿ ಮಂಡ್ಯಕ್ಕೆ ಹೋದೆ. ಫೆಬ್ರವರಿ ಆದಮೇಲೆ ಸಾರ್ ಮುಖ ನೋಡಿರಲಿಲ್ಲ.

ಪಾಂಡವಪುರದ ಕಡೆ ಅವರದ್ದೊಂದು ಆಲೆಮನೆ ಇದೆ. ಹೋದಾಗ ಬೆಲ್ಲದ ಪಾಕ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಬಲಗೈಯಲ್ಲೇ ಎಲ್ಲ ಕೆಲಸ. ಎಡ ಭುಜ ಮೇಲಕ್ಕೆ ಏಳುವುದಿಲ್ಲ. ನಾನು ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಒಂದು ಲೋಟ ಕಬ್ಬಿನ ಹಾಲು ಕೊಟ್ಟು, "ಕಾರು ಎಲ್ಲಿಗೆ ಬಂತು?" ಅಂದರು. ಜೋಡಿಸಿದ್ದ ಮಾತೆಲ್ಲ ಹೋಯಿತು.

ಎಡಗಡೆಗೆ ಸೀಟು, ಬೆಲ್ಟು ಹಾಕಿಸ್ತಿದ್ದೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಗಾಣದ ಕಡೆ ಕೈ ತೋರಿಸಿದರು. ಒಬ್ಬ ಹುಡುಗ ಗಾಣಕ್ಕೆ ಕಬ್ಬು ಕೊಡುತ್ತಿದ್ದ. ಮೋಟಾರಿನ ಸ್ವಿಚ್ಚು ಅವನ ಪಕ್ಕದ ಕಂಬದಲ್ಲೇ ಇತ್ತು. ಮೊದಲು ಅದು ಬಾಗಿಲ ಹತ್ತಿರ ಇತ್ತಂತೆ. "ಕೈ ಸಿಕ್ಕಾಕ್ಕಳೋದು ಅವಂದು, ಸ್ವಿಚ್ಚು ಇನ್ನೊಬ್ಬನ ತಾವ. ಅದ್ಕೇ ಕಿತ್ತು ಇಲ್ಲಿಗೆ ಹಾಕ್ಸಿದೆ" ಅಂದರು.

ವಾಪಸ್ ಬರುವಾಗ ಶ್ರೀರಂಗಪಟ್ಟಣದ ಹತ್ತಿರ ಹಳದಿ ಬೋರ್ಡಿನ ಡ್ರೈವಿಂಗ್ ಸ್ಕೂಲ್ ಕಾರೊಂದು ಮುಂದೆ ಸಿಕ್ಕಿತು. ವೇಗ ಇಪ್ಪತ್ತು ಇರಬಹುದು. ಆ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಬ್ರೇಕ್ ಇರುತ್ತದೆ. ಇರಲೇಬೇಕು. ಡ್ರೈವಿಂಗ್ ಸ್ಕೂಲ್ ಕಾರಿಗೆ ಎರಡೂ ಕಡೆ ಕಂಟ್ರೋಲ್ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಇಪ್ಪತ್ತರ ವೇಗಕ್ಕೆ ಎರಡು ಬ್ರೇಕು. ನಾವು 140ಕ್ಕೆ ಒಂದೇ ಇಟ್ಟುಕೊಂಡು ಓಡಾಡುತ್ತಿದ್ದೆವು.

ಗಾಡಿ ತಿರುಗಿಸಿ ಮತ್ತೆ ಆಲೆಮನೆಗೆ ಹೋದೆ. "ಸಾರ್, ನಿಮ್ಮ ಕಾಲಿನ ಅಳತೆ ಬೇಕು" ಅಂದೆ. "ನಾನು ಕೂರಾಕಿಲ್ಲ ಅಂದೆ ತಾನೆ?" ಅಂದರು. ಗೊತ್ತು ಸಾರ್, ಯಾವುದಾದರೂ ಒಂದು ಅಳತೆ ಬೇಕಲ್ವಾ ಅಂದೆ. ಟೇಪ್ ಇರಲಿಲ್ಲ. ಒಂದು ಕಬ್ಬಿನ ಜಲ್ಲೆ ತಗೊಂಡು, ಚೇರಿನಲ್ಲಿ ಕೂತು ಕಾಲು ಚಾಚಿ, ಸೊಂಟದಿಂದ ಹಿಮ್ಮಡಿಗೆ ಕತ್ತಿಯಲ್ಲಿ ಗುರುತು ಹಾಕಿಕೊಟ್ಟರು.

ಆಗಸ್ಟ್ 17

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೀಟಿನ ಬ್ರಾಕೆಟ್ ಮಾಡಿಸಿದೆ. ಮೂರು ಸಲ ಓಡಾಟ. ಬೆಲ್ಟಿನ ಭುಜದ ಪಟ್ಟಿಗಳನ್ನು ಹಿಂದಿನ ಸೀಟಿನ ಬೋಲ್ಟಿಗೆ ಬಿಗಿದುಬಿಡೋಣ, ಗಟ್ಟಿ ಇದೆ ಅಂದರು ಫ್ಯಾಬ್ರಿಕೇಟರ್. ಗಟ್ಟಿ ಇದೆ ನಿಜ. ಆದರೆ ಪಟ್ಟಿ ಭುಜದಿಂದ ಕಡಿದಾಗಿ ಕೆಳಗೆ ಇಳಿದರೆ ಗುದ್ದಿದಾಗ ಬೆನ್ನುಮೂಳೆಯನ್ನೇ ಕೆಳಕ್ಕೆ ಅದುಮುತ್ತದೆ. ಭುಜದ ಮಟ್ಟದಿಂದ ಹಿಂದಕ್ಕೆ ಹೆಚ್ಚುಕಮ್ಮಿ ನೇರವಾಗಿ ಹೋಗಬೇಕು, ಇಳಿದರೂ 20 ಡಿಗ್ರಿ ಒಳಗೆ. ಹಾಗಾಗಿ ನನ್ನ ಬೆಲ್ಟು ಕಟ್ಟಿರುವ ರೋಲ್ ಬಾರಿಗೇ (ಕಾರು ಮಗುಚಿದರೆ ಚಾವಣಿ ಕುಸಿಯದಿರಲಿ ಅಂತ ಹಾಕುವ ಕೊಳವೆ) ಇದನ್ನೂ ಕಟ್ಟಿಸಿದೆ. ಆ ಬಾರು ಕಾರಿನ ಅಗಲಕ್ಕೂ ಮೊದಲಿನಿಂದ ಇತ್ತು. ಎಡಗಡೆ ಅರ್ಧ ಮೂರು ವರ್ಷ ಖಾಲಿ ಬಿದ್ದಿತ್ತು. ಇದನ್ನು ಬರೆಯೋಕೆ ನಾಚಿಕೆ ಆಗುತ್ತದೆ.

ಎರಡನೇ ಹ್ಯಾನ್ಸ್ ತರಿಸಿದೆ. ಇಡೀ ಪ್ರಾಜೆಕ್ಟ್‌ನಲ್ಲಿ ಇದೇ ದುಬಾರಿ. ಬೆಲ್ಟು ಮೈಯನ್ನು ಹಿಡಿಯುತ್ತದೆ, ತಲೆಯನ್ನು ಯಾರು ಹಿಡಿಯಬೇಕು? ಹೆಲ್ಮೆಟ್ ತೂಕವೂ ಸೇರಿ ತಲೆ ಮುಂದಕ್ಕೆ ಎಸೆದ ಹಾಗೆ ಹೋಗುತ್ತದೆ. 2001ರಲ್ಲಿ ಡೇಟೋನಾದಲ್ಲಿ ಅಮೆರಿಕದ ರೇಸ್ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಸತ್ತಿದ್ದು ತಲೆಬುರುಡೆಯ ಬುಡ ಮುರಿದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ರೇಸ್ ಸಂಸ್ಥೆ ನ್ಯಾಸ್ಕಾರ್ ಇಂಥ ಸಾಧನವನ್ನು ಕಡ್ಡಾಯ ಮಾಡಿತು. ಫಾರ್ಮುಲಾ ಒನ್ 2003ರಲ್ಲಿ. ಎಡಗಡೆಗೂ ಕಾರ್ ರೇಸಿನ ಹೆಲ್ಮೆಟ್ಟೇ, ಸ್ನೆಲ್ ಎಸ್‌ಎ ಗುರುತಿನದು. ಬೈಕಿನ ಹೆಲ್ಮೆಟ್‌ಗೆ ಬೆಂಕಿಯ ಪರೀಕ್ಷೆ ಇರುವುದಿಲ್ಲ.

ಬ್ರೇಕ್ ಆಯಿಲ್ ಈಗ ಇನ್ನೂ ಹೆಚ್ಚು ಬಿಸಿ ತಡೆಯುವ ಡಾಟ್ 4. ಇನ್ನು ಮೇಲೆ ಪ್ರತಿ ಸಲ ಟ್ರ್ಯಾಕಿಗೆ ಹೋಗುವ ಮೊದಲು ಹೊಸದು. ಡಬ್ಬ ಒಡೆದ ತಾರೀಖು ಬಾನೆಟ್ ಒಳಗೆ ಮಾರ್ಕರ್‌ನಲ್ಲಿ ಬರೆಯುತ್ತೇನೆ.

ಸೆಪ್ಟೆಂಬರ್ 14

ಡ್ರೈವಿಂಗ್ ಸ್ಕೂಲ್ ಕಾರಿಗೆ ಹಾಕುವ ಪೆಡಲ್ ಕಿಟ್ ಬನ್ನಿಮಂಟಪದಲ್ಲೇ ಸಿಕ್ಕಿತು. ಕ್ಲಚ್ ಭಾಗ ಬಿಟ್ಟು ಬ್ರೇಕ್ ಮಾತ್ರ ಹಾಕಿಸಿದೆ. ಕಬ್ಬಿನ ಜಲ್ಲೆ ಇಟ್ಟುಕೊಂಡು ಅಳೆದು ಕೂರಿಸಿದ ಮೆಕ್ಯಾನಿಕ್. ಎರಡು ತಿಂಗಳಲ್ಲಿ ಜಲ್ಲೆ ಒಣಗಿ ಅರ್ಧ ಇಂಚು ಕುಗ್ಗಿರಬಹುದು ಅಂತ ಅವನ ತಕರಾರು. ಅಮ್ಮ ನೋಡಿ, "ಎರಡು ಬ್ರೇಕ್ ಯಾಕೋ? ಡ್ರೈವಿಂಗ್ ಸ್ಕೂಲ್ ಇಡ್ತೀಯಾ?" ಅಂದರು.

ಇಲವಾಲದ ಹತ್ತಿರ ಪರಿಚಯದವರ ಲೇಔಟ್ ಇದೆ. ರಸ್ತೆ ಆಗಿದೆ, ಮನೆ ಒಂದೂ ಇಲ್ಲ. ಗೇಟ್ ಹಾಕಿಸಿಕೊಂಡು ಪರೀಕ್ಷೆ ಮಾಡಿದೆವು. ಗೆಳೆಯ ಓಡಿಸಿದ, ನಾನು ಎಡಗಡೆ. ನೇರ ರಸ್ತೆಯಲ್ಲಿ 40, 60, 70. ಚೆನ್ನಾಗಿ ನಿಂತಿತು. ಆಮೇಲೆ ತಿರುವಿನಲ್ಲಿ, 40ರಲ್ಲಿ, ಅವನಿಗೆ ಹೇಳದೆ ಒತ್ತಿದೆ. ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಯಿತು. ಕಾರು ಬುಗುರಿ ಹಾಗೆ ಅರ್ಧ ಸುತ್ತು ತಿರುಗಿ ಎರಡು ಕೋನ್ ಹೊಡೆದು ನಿಂತಿತು. ಗೆಳೆಯ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಅಂದರೆ ಈ ಪೆಡಲ್ ಎಲ್ಲದಕ್ಕೂ ಮದ್ದಲ್ಲ. ತಪ್ಪು ಜಾಗದಲ್ಲಿ ಒತ್ತಿದರೆ ಎಡಗಡೆಯವರೇ ಕಾರನ್ನು ಗೋಡೆಗೆ ಕಳಿಸಬಹುದು. ಇನ್ನೊಂದು ಮಾತು: ಇದೂ ಅದೇ ಆಯಿಲ್ಲು, ಅದೇ ಡಿಸ್ಕು. ಫೆಬ್ರವರಿಯಲ್ಲಿ ಇದು ಇದ್ದಿದ್ದರೂ ಆರನೇ ಸುತ್ತಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಆದರೆ ಐದನೇ ಸುತ್ತಿನಲ್ಲಿ ಸಾರ್ ಕಾಲಿಟ್ಟು ನೋಡಬಹುದಿತ್ತು. ನನ್ನನ್ನು ಕೇಳಬೇಕಾಗಿರಲಿಲ್ಲ.

ಅಕ್ಟೋಬರ್ 1

ಆಯುಧ ಪೂಜೆ. ಎರಡೂ ಪೆಡಲ್‌ಗೆ ಕುಂಕುಮ ಇಟ್ಟೆ. ಬೇರೇನೂ ಕೆಲಸ ಇಲ್ಲ. ದಸರಾ ಗಲಾಟೆಯಲ್ಲಿ ಕಾರು ಹೊರಗೆ ತೆಗೆಯೋಕೇ ಆಗಲ್ಲ.

ನವೆಂಬರ್ 16

ಒಂಬತ್ತು ತಿಂಗಳ ಮೇಲೆ ಟ್ರ್ಯಾಕ್. ಕಾರನ್ನು ಫ್ಲ್ಯಾಟ್‌ಬೆಡ್ ಮೇಲೆ ಹಾಕಿಕೊಂಡು ದಿಂಬಂ ಘಾಟಿಯ 27 ತಿರುವು ಇಳಿದೆವು. ಸಾರ್‌ಗೆ ಫೋನ್ ಮಾಡಿ ಕರೆದಿದ್ದೆ. ಗಾಣ ನಡೀತಾ ಇದೆ, ಬರೋಕಾಗಲ್ಲ ಅಂದರು. ಎರಡನೇ ಸಲ ಕೇಳಲಿಲ್ಲ.

ನಾನು ಓಡಿಸಿದ್ದು ಒಂದೇ ಸರದಿ. ಉಳಿದದ್ದೆಲ್ಲ ಎಡಗಡೆ ಕೂತೆ, ಗೆಳೆಯ ಓಡಿಸಿದ. ಅಲ್ಲಿಂದ ಅವನ ಕಾಲು ಕಾಣುವುದೇ ಇಲ್ಲ. ಕಾಣುವುದು ಎರಡು ಕೈ, ಮುಂದೆ ಬರುತ್ತಿರುವ ತಿರುವು. ಅವನು ನನಗಿಂತ ಬೇಗ ಬ್ರೇಕ್ ಹಾಕುತ್ತಾನೆ, ಆದರೂ ಪ್ರತಿ ಸಲ ನನ್ನ ಬಲಗಾಲು ತಾನಾಗೇ ಒತ್ತಲು ಹೋಗುತ್ತಿತ್ತು. ಹದಿನಾಲ್ಕು ವರ್ಷ ಸಾರ್ ಖಾಲಿ ನೆಲ ಒತ್ತಿಕೊಂಡು ಕೂತಿದ್ದರು.

ಪೆಡಲ್ ಹೇಗಿದೆ ಅಂತ ಪ್ರತಿ ಎರಡು ಸುತ್ತಿಗೆ ಕೇಳಿದೆ. ಮೂರನೇ ಸಲ ಕೇಳಿದಾಗ ಗೆಳೆಯ ಉತ್ತರ ಕೊಡಲು ಸ್ವಲ್ಪ ತಡ ಮಾಡಿದ. ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಕರೆಸಿದೆ. ಅವನಿಗೆ ಕೋಪ ಬಂತು. ಪೆಡಲ್ ಸರಿಯಾಗೇ ಇತ್ತು.

ಬಾಕಿ ಕೆಲಸ: ಎಡ ಪೆಡಲ್‌ಗೆ ರಬ್ಬರ್ ಬೇಕು, ಒದ್ದೆ ಶೂ ಜಾರುತ್ತದೆ. ಇಂಟರ್‌ಕಾಮ್ ವೈರು ಸಡಿಲ. ಎಡ ಸೀಟಿನಲ್ಲಿ ನನ್ನ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆ, ಬ್ರೇಕು ತೀರಾ ಹತ್ತಿರ. ನಾಲ್ಕು ಬೋಲ್ಟ್ ಸಡಿಲ ಮಾಡಿ ಸೀಟು ಎರಡು ಇಂಚು ಹಿಂದಕ್ಕೆ ಹಾಕಿದರೆ ಸಾಕು. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಬಂದಿದ್ದ. ಈಗ ಬೇಡ, ಜಲ್ಲೆಯ ಅಳತೆ ಹಾಗೇ ಇರಲಿ ಅಂದೆ.